ಗೇರ್‌ಬಾಕ್ಸ್ ಆಯಿಲ್ ಬದಲಾವಣೆ: ಮನೆಯಲ್ಲೇ ಮಾಡಬಹುದೇ?

ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದಿರಿ ಎಂದು ಆಟೋಮ್ಯಾಟಿಕ್ ಕಾರಿನ ಮಾಲೀಕರನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ‘ಅದನ್ನು ಬದಲಾಯಿಸುವುದೇ ಬೇಡವಂತೆ, ಗಾಡಿ ಇರುವವರೆಗೂ ಬರುತ್ತದಂತೆ’ ಎನ್ನುವವರೂ ಇದ್ದಾರೆ. ಇನ್ನೊಂದು ಕಡೆ, ಒಂದೆರಡು ವಿಡಿಯೊ ನೋಡಿ, ಒಂದು ಸ್ಪ್ಯಾನರ್ ಮತ್ತು ನಾಲ್ಕು ಲೀಟರ್ ಕೆಂಪು ದ್ರವ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಎಂದು ನಂಬಿದವರಿದ್ದಾರೆ. ಎರಡು ನಂಬಿಕೆಯೂ ಗೇರ್‌ಬಾಕ್ಸನ್ನು ಕೆಡಿಸಬಲ್ಲವು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ದ್ರವಕ್ಕೆ ಆಯಸ್ಸು ಇದೆ, ಅದನ್ನು ಬದಲಾಯಿಸಲೇಬೇಕು. ಕೆಲವು ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ತಾಳ್ಮೆಯುಳ್ಳ ಮಾಲೀಕರು ಅದನ್ನು ಮನೆಯಲ್ಲೇ ಬದಲಾಯಿಸಬಹುದು. ಆದರೆ ಹಳೆಯದನ್ನು ಕೆಳಗಿಳಿಸುವುದು ಈ ಕೆಲಸದ ಸುಲಭದ ಅರ್ಧ. ಸರಿಯಾದ ದ್ರವವನ್ನು ಆರಿಸಿ, ಸರಿಯಾದ ಉಷ್ಣತೆಯಲ್ಲಿ ಸರಿಯಾದ ಮಟ್ಟಕ್ಕೆ ತರುವುದೇ ಕಷ್ಟದ ಅರ್ಧ. ಆ ಅಳತೆ ನಿಮ್ಮ ಕೈಗೆ ಸಿಗುವಂತಿದ್ದರೆ ಮಾತ್ರ ಪ್ಲಗ್‌ಗೆ ಕೈ ಹಾಕಿ.

ಕೆಂಪು ದ್ರವ ಮಾಡುವ ಕೆಲಸಗಳು

ಮ್ಯಾನುಯಲ್ ಗೇರ್‌ಬಾಕ್ಸ್‌ನ ಆಯಿಲ್‌ಗೆ ಇರುವುದು ಮುಖ್ಯವಾಗಿ ಒಂದೇ ಕೆಲಸ, ಹಲ್ಲುಗಾಲಿಗಳು ಸವೆಯದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ಎಟಿಎಫ್, ಒಟ್ಟಿಗೆ ಐದು ಕೆಲಸ ಮಾಡುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನಲ್ಲಿ ಶಕ್ತಿಯನ್ನು ದಾಟಿಸುವುದು ಈ ದ್ರವವೇ. ಎಂಜಿನ್ ಕಡೆಯ ರೆಕ್ಕೆಗಳು ದ್ರವವನ್ನು ತಳ್ಳುತ್ತವೆ, ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ತಿರುಗುತ್ತವೆ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿನಲ್ಲಿ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಅನ್ನು ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಪರಿಚಯಿಸಿದ ಮೇಲೆ.

ಎರಡನೆಯದು ಒತ್ತಡ. ಪಂಪು ದ್ರವವನ್ನು ಒತ್ತಡದಿಂದ ವಾಲ್ವ್ ಬಾಡಿಗೆ ಕಳಿಸುತ್ತದೆ. ಅಲ್ಲಿನ ಸಣ್ಣ ಸಣ್ಣ ಕಾಲುವೆಗಳ ಮೂಲಕ ಹರಿದು ಅದು ಕ್ಲಚ್‌ಗಳನ್ನು ಅದುಮುತ್ತದೆ, ಗೇರ್ ಬೀಳುವುದು ಹೀಗೆ. ಮೂರನೆಯದು ಹಲ್ಲುಗಾಲಿ, ಬೇರಿಂಗ್‌ಗಳ ಸವೆತ ತಡೆಯುವುದು. ನಾಲ್ಕನೆಯದು ಒಳಗಿನ ಬಿಸಿಯನ್ನು ಕೂಲರ್‌ಗೆ ಹೊತ್ತೊಯ್ಯುವುದು. ಐದನೆಯದು ಎಲ್ಲಕ್ಕಿಂತ ಸೂಕ್ಷ್ಮ: ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ತಕ್ಕಷ್ಟು ಘರ್ಷಣೆ ಒದಗಿಸುವುದು. ಹೆಚ್ಚಾದರೆ ಗೇರ್ ಧಕ್ಕೆ ಕೊಟ್ಟು ಬೀಳುತ್ತದೆ, ಕಡಿಮೆಯಾದರೆ ಪ್ಲೇಟು ಜಾರಿ ಸುಡುತ್ತದೆ.

ಈ ಐದನೆಯ ಕೆಲಸಕ್ಕಾಗಿ ದ್ರವದಲ್ಲಿ ವಿಶೇಷ ರಾಸಾಯನಿಕಗಳನ್ನು ಬೆರೆಸುತ್ತಾರೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ಆ ತಿಮಿಂಗಿಲಗಳನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಎಣ್ಣೆಯನ್ನು ನಿಷೇಧಿಸಿದ ಮೇಲೆ ದ್ರವದ ಸೂತ್ರವನ್ನೇ ಹೊಸದಾಗಿ ಬರೆಯಬೇಕಾಯಿತು. ಒಂದು ಮಿಶ್ರಣವನ್ನು ಬಿಟ್ಟು ಇನ್ನೊಂದನ್ನು ಸುರಿಯುವುದು ಯಾಕೆ ಅಷ್ಟು ಸಲೀಸಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇನ್ನು ಕೆಂಪು ಬಣ್ಣ ಬರೀ ಗುರುತಿಗೆ. ಕಾರಿನ ಕೆಳಗೆ ತೊಟ್ಟಿಕ್ಕಿದ್ದು ಎಂಜಿನ್ ಆಯಿಲೋ ಗೇರ್‌ಬಾಕ್ಸ್ ದ್ರವವೋ ಎಂದು ತಿಳಿಯಲು ಸೇರಿಸಿದ ಬಣ್ಣವದು. ಎಲ್ಲ ತಯಾರಕರ ದ್ರವವೂ ಕೆಂಪಗಿರುವುದಿಲ್ಲ. ಕೆಂಪಗಿದೆ ಎಂಬ ಮಾತ್ರಕ್ಕೆ ಅದು ನಿಮ್ಮ ಕಾರಿಗೆ ಹೊಂದುತ್ತದೆ ಎಂದೂ ಅಲ್ಲ.

ಆಯಸ್ಸು ಮುಗಿಯುವುದು ಹೇಗೆ

ಹಬ್ಬದ ದಿನ ಹಪ್ಪಳ, ಚಕ್ಕುಲಿ ಕರಿದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಜಿಗುಟಾಗಿ, ಕಮಟು ವಾಸನೆ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಗೇರ್‌ಬಾಕ್ಸ್ ಒಳಗೂ ಆಗುವುದು ಅದೇ ಬಗೆಯ ರಾಸಾಯನಿಕ ಕ್ರಿಯೆ. ಬಿಸಿಯಲ್ಲಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಡುತ್ತದೆ. ಎಂಜಿನಿಯರ್‌ಗಳು ಬಳಸುವ ಸ್ಥೂಲ ಲೆಕ್ಕದ ಪ್ರಕಾರ ಉಷ್ಣತೆ ಸುಮಾರು 10 ಡಿಗ್ರಿ ಏರಿದಂತೆಲ್ಲ ಈ ಕೆಡುವಿಕೆಯ ವೇಗ ಇಮ್ಮಡಿಯಾಗುತ್ತದೆ. 80–90 ಡಿಗ್ರಿ ಸೆಲ್ಸಿಯಸ್‌ನಲ್ಲಿ ವರ್ಷಗಟ್ಟಲೆ ಬಾಳುವ ದ್ರವ 120 ಡಿಗ್ರಿಯಲ್ಲಿ ಬಹುಬೇಗ ಸೋಲುತ್ತದೆ.

ಇದರ ಜೊತೆಗೆ ಕ್ಲಚ್ ಪ್ಲೇಟುಗಳಿಂದ ಸವೆದ ಪುಡಿ, ಉಕ್ಕಿನ ಅತಿಸಣ್ಣ ಚೂರು ದ್ರವದಲ್ಲಿ ತೇಲುತ್ತವೆ. ತಳದ ತಟ್ಟೆಯಲ್ಲಿ ಅಯಸ್ಕಾಂತ ಇಟ್ಟಿರುವುದು ಉಕ್ಕಿನ ಚೂರುಗಳನ್ನು ಹಿಡಿಯಲೆಂದೇ. ಪ್ಲೇಟಿನ ಪುಡಿಯನ್ನು ಅದು ಹಿಡಿಯಲಾರದು. ಘರ್ಷಣೆಯ ರಾಸಾಯನಿಕಗಳು ಕ್ಷೀಣಿಸಿದಾಗ ಮೊದಲ ಸೂಚನೆ ಕಾಣುವುದು ಹೀಗೆ: ಹೆದ್ದಾರಿಯಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಸಾಗುವಾಗ, ಉಬ್ಬುತಗ್ಗಿನ ಪಟ್ಟಿಯ ಮೇಲೆ ಹೋದಂಥ ಸಣ್ಣ ನಡುಕ. ಆಮೇಲೆ ಗೇರ್ ಬೀಳಲು ತಡ, ಡಿ ಅಥವಾ ಆರ್‌ಗೆ ಹಾಕಿದಾಗ ಧಕ್ಕೆ.

ಹಾಗಿದ್ದರೆ ‘ಜೀವನಪರ್ಯಂತ’ ಎಂಬ ಮಾತು ಎಲ್ಲಿಂದ ಬಂತು? ಇಂದಿನ ದ್ರವಗಳು ಹಿಂದಿನವುಗಳಿಗಿಂತ ಬಹಳ ಉತ್ತಮ ಎಂಬುದು ನಿಜ. ಮೊದಲ ಕೆಲವು ವರ್ಷಗಳ ನಿರ್ವಹಣಾ ವೆಚ್ಚ ಕಡಿಮೆ ಕಂಡರೆ ಕಾರು ಮಾರುವುದು ಸುಲಭ ಎಂಬುದೂ ನಿಜ. ಆದರೆ ಗೇರ್‌ಬಾಕ್ಸ್ ತಯಾರಿಸುವವರ ಮಾತೇ ಬೇರೆ. ಬಿಎಂಡಬ್ಲ್ಯು ಮುಂತಾದ ಹಲವು ದುಬಾರಿ ಕಾರುಗಳಿಗೆ ಎಂಟು ಗೇರ್‌ಗಳ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಜೆಡ್‌ಎಫ್ ಕಂಪನಿ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ದ್ರವ ಬದಲಾಯಿಸಲು ಶಿಫಾರಸು ಮಾಡುತ್ತದೆ. ಯಂತ್ರವನ್ನು ಕಟ್ಟಿದವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಕಾರಿನ ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆಂದು ಪ್ರತ್ಯೇಕ ಕೋಷ್ಟಕ ಇರುತ್ತದೆ. ನಿಂತು ಹೊರಡುವ ಸಂಚಾರ, ಬಿಸಿ ಹವೆ, ಘಟ್ಟದ ರಸ್ತೆ, ಭಾರ ಎಳೆಯುವುದು ಇವೆಲ್ಲ ಅದರಲ್ಲಿ ಬರುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ತೆವಳುವ ಕಾರು, ಕಲಬುರಗಿಯ ಬೇಸಿಗೆಯಲ್ಲಿ ಓಡುವ ಕಾರು, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಏಳು ಜನರೊಂದಿಗೆ ಏರುವ ಕಾರು ಎಲ್ಲವೂ ಕಠಿಣ ಬಳಕೆಯವೇ. ನಮ್ಮಲ್ಲಿ ಬಹುಪಾಲು ಜನ ಓದಬೇಕಾದದ್ದು ಆ ಕೋಷ್ಟಕವನ್ನು. ಅಲ್ಲಿ ಅಂಕಿ ಸಿಗದಿದ್ದರೆ 60 ಸಾವಿರದಿಂದ 80 ಸಾವಿರ ಕಿಲೋಮೀಟರ್ ನಡುವೆ ಬದಲಾಯಿಸುವುದು ವಿವೇಕದ ದಾರಿ.

ನಿಮ್ಮದು ಯಾವ ಆಟೋಮ್ಯಾಟಿಕ್?

ಎರಡೇ ಪೆಡಲ್ ಇರುವ ಕಾರುಗಳೆಲ್ಲ ಒಂದೇ ಅಲ್ಲ. ಭಾರತದಲ್ಲಿ ಮುಖ್ಯವಾಗಿ ನಾಲ್ಕು ಬಗೆ ಚಾಲ್ತಿಯಲ್ಲಿವೆ.

ಎಎಂಟಿ ಎಂಬುದು ನಿಜದಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮಲ್ಲಿ ಜನಪ್ರಿಯವಾಯಿತು. ಇದರಲ್ಲಿ ಇರುವುದು ಸಾಮಾನ್ಯ ಗೇರ್ ಆಯಿಲ್. ಕೆಲವು ಮಾದರಿಗಳಲ್ಲಿ ಕ್ಲಚ್ ನಡೆಸಲು ಬೇರೆ ಹೈಡ್ರಾಲಿಕ್ ದ್ರವವೂ ಇರುತ್ತದೆ. ಈ ಬರಹದಲ್ಲಿ ಹೇಳುವ ವಿಧಾನ ಇದಕ್ಕೆ ಅನ್ವಯಿಸುವುದಿಲ್ಲ.

ಡಿಸಿಟಿ ಅಥವಾ ಡಿಎಸ್‌ಜಿಯಲ್ಲಿ ಎರಡು ಕ್ಲಚ್‌ಗಳಿವೆ. ಒಣ ಕ್ಲಚ್, ದ್ರವದಲ್ಲಿ ಮುಳುಗಿದ ಕ್ಲಚ್ ಎಂದು ಅದರಲ್ಲೂ ಎರಡು ಬಗೆ. ದ್ರವ, ಪ್ರಮಾಣ, ಅವಧಿ ಎಲ್ಲವೂ ಬೇರೆ ಬೇರೆ. ಇದನ್ನು ಅನುಭವಿ ಗ್ಯಾರೇಜಿಗೆ ಬಿಡುವುದು ಒಳ್ಳೆಯದು.

ಸಿವಿಟಿಯಲ್ಲಿ ಹಲ್ಲುಗಾಲಿಯ ಗೇರ್‌ಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಆ ಬೆಲ್ಟ್ ಜಾರದಂತೆ ಹಿಡಿತ ಕೊಡುವುದು ದ್ರವದ ಗುಣ. ಇದಕ್ಕೆ ಸಾಧಾರಣ ಎಟಿಎಫ್ ಸುರಿದರೆ ಬೆಲ್ಟ್ ಜಾರಿ, ಪುಲ್ಲಿಯ ಮೈಯಲ್ಲಿ ಗೀರು ಬಿದ್ದು, ಇಡೀ ಗೇರ್‌ಬಾಕ್ಸ್ ಹಾಳಾಗುತ್ತದೆ. ಹೋಂಡಾದ ಹೊಸ ಸಿವಿಟಿಗಳಿಗೆ ಎಚ್‌ಸಿಎಫ್-2, ನಿಸ್ಸಾನ್‌ನವುಗಳಿಗೆ ಎನ್‌ಎಸ್-3 ಎಂಬ ಪ್ರತ್ಯೇಕ ದ್ರವಗಳಿರುವುದು ಇದಕ್ಕೇ.

ಕೊನೆಯದು ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೋಮ್ಯಾಟಿಕ್. ಇನ್ನೊವಾ ಕ್ರಿಸ್ಟಾ, ಕ್ರೆಟಾ ಡೀಸೆಲ್, 2022ರ ನಂತರದ ಬ್ರೆಝಾ ಮತ್ತು ಎರ್ಟಿಗಾ, ಎಕ್ಸ್‌ಯುವಿ 700 ಇವುಗಳ ಆಟೋಮ್ಯಾಟಿಕ್ ಈ ಬಗೆಯದು. ಮನೆಯ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಒಗ್ಗುವುದು ಇದೇ. ಮುಂದಿನ ವಿವರವೂ ಇದರದ್ದೇ.

ದ್ರವದ ಆಯ್ಕೆ

ಡಬ್ಬಿಯ ಮೇಲಿನ ಬ್ರ್ಯಾಂಡಿಗಿಂತ ಅದು ಪೂರೈಸುವ ಮಾನದಂಡ ಮುಖ್ಯ. ಟೊಯೊಟಾದ ಡಬ್ಲ್ಯುಎಸ್, ಹ್ಯುಂಡೈನ ಎಸ್‌ಪಿ-4, ಜನರಲ್ ಮೋಟರ್ಸ್‌ನ ಡೆಕ್ಸ್‌ರಾನ್-6 ಇವೆಲ್ಲ ಮಾನದಂಡಗಳ ಹೆಸರುಗಳು. ಹಳೆಯ ಡೆಕ್ಸ್‌ರಾನ್-3 ದ್ರವ 100 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್‌ಗೂ ಮೇಲ್ಪಟ್ಟು ಸ್ನಿಗ್ಧತೆ ಹೊಂದಿದ್ದರೆ, ಹೊಸ ಡೆಕ್ಸ್‌ರಾನ್-6 ಸುಮಾರು 6. ತೆಳು ದ್ರವಕ್ಕೆ ರೂಪಿಸಿದ ವಾಲ್ವ್ ಬಾಡಿಯಲ್ಲಿ ದಪ್ಪ ದ್ರವ ಹರಿದರೆ ಗೇರ್ ಬೀಳುವ ಹೊತ್ತು ಏರುಪೇರಾಗುತ್ತದೆ. ಕೈಪಿಡಿಯಲ್ಲಿ ಬರೆದ ಹೆಸರು ಡಬ್ಬಿಯ ಮೇಲೂ ಇರಬೇಕು. ‘ಎಲ್ಲ ಗಾಡಿಗೂ ಆಗುತ್ತೆ’ ಎಂಬ ಅಂಗಡಿಯವರ ಮಾತನ್ನು ಆಧಾರವಾಗಿ ಒಪ್ಪಬೇಡಿ. ಬಿಲ್ ಕೊಡುವ ಅಧಿಕೃತ ಬಿಡಿಭಾಗ ಮಳಿಗೆಯಲ್ಲೇ ಕೊಳ್ಳಿ, ನಕಲಿ ದ್ರವದ ಅಪಾಯ ಸಣ್ಣದಲ್ಲ. ಬಿಲ್ಲನ್ನು ಜೋಪಾನ ಮಾಡಿ.

ವಾರಂಟಿ ಇನ್ನೂ ಇದ್ದರೆ ಈ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ. ನಾಳೆ ಗೇರ್‌ಬಾಕ್ಸ್ ಕೆಟ್ಟರೆ ಅದು ನಿಮ್ಮ ಕೈಕೆಲಸದಿಂದ ಆದದ್ದಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬರುತ್ತದೆ.

ಕೆಲಸದ ಕ್ರಮ

ಜಾಗದಿಂದ ಶುರು ಮಾಡೋಣ. ನೆಲ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಮಟ್ಟ ನೋಡುವಾಗ ಎಂಜಿನ್ ಓಡುತ್ತಿರಬೇಕಾದ್ದರಿಂದ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಸಲ್ಲದು. ಮುಚ್ಚಿದ ಜಾಗದಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾಗಬಹುದು. ಕಾರನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸಿ ಯಾವ ಕಾರಣಕ್ಕೂ ಕೆಳಗೆ ನುಸುಳಬೇಡಿ. ನಾಲ್ಕು ಜಾಕ್ ಸ್ಟ್ಯಾಂಡ್ ಬೇಕು, ನಾಲ್ಕೂ ಒಂದೇ ಎತ್ತರಕ್ಕೆ. ಮುಂಭಾಗ ಮಾತ್ರ ಎತ್ತಿದರೆ ದ್ರವ ಹಿಂದಕ್ಕೆ ವಾಲಿ ಮಟ್ಟ ಸುಳ್ಳು ಹೇಳುತ್ತದೆ. ಜೊತೆಗೆ ಒಬ್ಬರು ಇರಲೇಬೇಕು. ಒಬ್ಬರು ಬ್ರೇಕ್ ಒತ್ತಿ ಒಳಗೆ ಕೂರಬೇಕು, ಇನ್ನೊಬ್ಬರು ಕೆಳಗೆ ನೋಡಬೇಕು.

ದ್ರವ ಉಗುರುಬೆಚ್ಚಗಿದ್ದರೆ ಸಾಕು. ದೂರದ ಪ್ರಯಾಣ ಮುಗಿಸಿ ಬಂದ ತಕ್ಷಣ ಬಿಚ್ಚಿದರೆ ಕೈಮೇಲೆ ಬೀಳುವುದು 80 ಡಿಗ್ರಿಯ ಎಣ್ಣೆ.

ಇನ್ನು ಪ್ಲಗ್‌ಗಳ ವಿಷಯ. ಎಂಜಿನ್ ಆಯಿಲ್‌ನ ಪ್ಲಗ್ ಎಂದುಕೊಂಡು ಗೇರ್‌ಬಾಕ್ಸ್‌ನದ್ದನ್ನು ಬಿಚ್ಚಿ, ಈಗಾಗಲೇ ತುಂಬಿರುವ ಎಂಜಿನ್‌ಗೆ ಮತ್ತೆ ನಾಲ್ಕು ಲೀಟರ್ ಸುರಿಯುವುದು ಅವಸರದ ಗ್ಯಾರೇಜುಗಳಲ್ಲೂ ಆಗುವ ತಪ್ಪು. ಒಮ್ಮೆಗೆ ಎಂಜಿನ್ನೂ ಗೇರ್‌ಬಾಕ್ಸೂ ಎರಡೂ ಹೋಗುತ್ತವೆ. ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯ ಚಿತ್ರ ನೋಡಿ ಗುರುತಿಸಿಕೊಳ್ಳಿ. ಗುರುತು ಸಿಕ್ಕಿದ ಮೇಲೆ ಮೊದಲು ಸಡಿಲಿಸಬೇಕಾದದ್ದು ದ್ರವ ತುಂಬುವ ಪ್ಲಗ್ ಅನ್ನು, ಇಳಿಸುವ ಪ್ಲಗ್ ಅನ್ನಲ್ಲ. ತುಂಬುವ ಪ್ಲಗ್ ತುಕ್ಕು ಹಿಡಿದು ಬಿಚ್ಚದೇ ಹೋದರೆ, ಇರುವ ದ್ರವ ಒಳಗೇ ಇರುವಾಗ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಎಲ್ಲವನ್ನೂ ಇಳಿಸಿದ ಮೇಲೆ ಅದು ಬಿಚ್ಚಲಿಲ್ಲವೆಂದರೆ ಟೋಯಿಂಗ್ ವಾಹನವೇ ಗತಿ.

ಇಳಿದ ದ್ರವವನ್ನು ಅಳತೆಯ ಗೆರೆಗಳಿರುವ ಪಾತ್ರೆಯಲ್ಲಿ ಹಿಡಿದು, ತಣ್ಣಗಾದ ಮೇಲೆ ಎಷ್ಟಿದೆ ಎಂದು ಬರೆದಿಡಿ. ಬಣ್ಣ, ವಾಸನೆ ಗಮನಿಸಿ. ಕಂದು ಬಣ್ಣ ಸಹಜ, ಬಣ್ಣ ಗಾಢವಾಯಿತೆಂದು ಗಾಬರಿ ಬೇಡ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸುಟ್ಟಿದೆ. ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿದ್ದರೆ ರೇಡಿಯೇಟರ್‌ನ ಕೂಲಂಟ್ ಒಳಗೆ ಸೇರಿದೆ, ಆಗ ಕಾರನ್ನು ಓಡಿಸಲೇಬಾರದು. ಡ್ರೇನ್ ಪ್ಲಗ್‌ನ ವಾಷರ್ ಹೊಸದಾಗಿರಲಿ, ಬಿಗಿಯಲು ಟಾರ್ಕ್ ರೆಂಚ್ ಇರಲಿ. ಗೇರ್‌ಬಾಕ್ಸ್‌ನ ಹೊರಕವಚ ಅಲ್ಯುಮಿನಿಯಂ. ತೋಳಿನ ಬಲದಿಂದ ಬಿಗಿದರೆ ತಿರುಪಿನ ಎಳೆ ಕಿತ್ತುಹೋಗುತ್ತದೆ.

ಹೊಸ ದ್ರವವನ್ನು ಎಷ್ಟು ಇಳಿಯಿತೋ ಅಷ್ಟೇ ಹಾಕಿ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ಗೇರ್‌ಬಾಕ್ಸ್‌ನಲ್ಲಿ ಒಟ್ಟು 7 ಲೀಟರ್ ಇದ್ದರೆ ಪ್ಲಗ್ ಬಿಚ್ಚಿದಾಗ ಇಳಿಯುವುದು ಸುಮಾರು 3 ಲೀಟರ್. ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೂ ಕಾಲುವೆಗಳಲ್ಲೂ ಉಳಿದುಬಿಡುತ್ತದೆ. ಹಾಗಾಗಿ ಒಮ್ಮೆ ಬದಲಾಯಿಸಿದರೆ ಹೊಸ ದ್ರವದ ಪಾಲು ಶೇಕಡ 43. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಮಾಡಿದರೆ 67, ಮೂರನೆಯ ಸಲಕ್ಕೆ 81. ಒಂದೇ ಸಲಕ್ಕೆ ಪೂರ್ತಿ ಹೊಸದಾಗಬೇಕೆಂದು ಕೂಲರ್‌ನ ಕೊಳವೆ ಬಿಚ್ಚಿ ಎಂಜಿನ್ ಓಡಿಸುವ ವಿಧಾನವನ್ನು ಮನೆಯಲ್ಲಿ ಅನುಸರಿಸಬೇಡಿ. ಒಂದು ಕ್ಷಣ ತಡವಾದರೂ ಪಂಪು ಒಣಗಿ ಓಡುತ್ತದೆ.

ಮಟ್ಟ ನೋಡುವುದು

ಹಳೆಯ ಕಾರುಗಳಲ್ಲಿ ಡಿಪ್‌ಸ್ಟಿಕ್ ಇರುತ್ತಿತ್ತು. ಇಂದಿನ ಬಹುಪಾಲು ಕಾರುಗಳಲ್ಲಿ ಇಲ್ಲ. ಅದರ ಬದಲು ಮಟ್ಟ ನೋಡುವ ಪ್ಲಗ್ ಒಂದಿದೆ. ದ್ರವ ನಿಗದಿತ ಉಷ್ಣತೆಗೆ ಬಂದಾಗ, ಎಂಜಿನ್ ಓಡುತ್ತಿರುವಾಗಲೇ ಅದನ್ನು ಬಿಚ್ಚಬೇಕು. ಧಾರೆಯಾಗಿ ಬಂದರೆ ಹೆಚ್ಚಿದೆ, ಏನೂ ಬಾರದಿದ್ದರೆ ಕಡಿಮೆ ಇದೆ. ಧಾರೆ ಸಣ್ಣದಾಗಿ ಹನಿ ಹನಿಯಾಗುವ ಹೊತ್ತಿಗೆ ಮಟ್ಟ ಸರಿ.

ಉಷ್ಣತೆಗೆ ಯಾಕಿಷ್ಟು ಮಹತ್ವ? ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. 7 ಲೀಟರ್ ದ್ರವ 50 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಕಾಲು ಲೀಟರ್ ಹೆಚ್ಚಾಗುತ್ತದೆ. ಟೊಯೊಟಾದ ಹಲವು ಗೇರ್‌ಬಾಕ್ಸ್‌ಗಳಿಗೆ ಈ ನಿಗದಿತ ಉಷ್ಣತೆ ಸುಮಾರು 35ರಿಂದ 45 ಡಿಗ್ರಿ. ಹ್ಯುಂಡೈನ ಆರು ಗೇರ್‌ಗಳವುಗಳಿಗೆ 50ರಿಂದ 60. ಇದನ್ನು ಕೈಯಿಂದ ಮುಟ್ಟಿ ಊಹಿಸಲಾಗದು. ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಜೋಡಿಸಿ ಗೇರ್‌ಬಾಕ್ಸ್‌ನ ಸಂವೇದಕ ತೋರಿಸುವ ಅಂಕಿಯನ್ನೇ ಓದಬೇಕು. ಅಗ್ಗದ ಸ್ಕ್ಯಾನರ್‌ಗಳು ಎಂಜಿನ್‌ನ ಉಷ್ಣತೆ ತೋರಿಸಿ ಸುಮ್ಮನಾಗುತ್ತವೆ. ನಿಮ್ಮದು ಗೇರ್‌ಬಾಕ್ಸ್‌ನದ್ದನ್ನು ತೋರಿಸುತ್ತದೆಯೇ ಎಂದು ಕೆಲಸಕ್ಕೆ ಮೊದಲೇ ನೋಡಿಕೊಳ್ಳಿ.

ನಮ್ಮ ಹವೆಗೆ ಸಂಬಂಧಿಸಿದ ಒಂದು ಮಾತು ಇಲ್ಲಿ ಮುಖ್ಯ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲೇ ದ್ರವ 40ರ ಮೇಲಿರುತ್ತದೆ, ಗೇರ್ ಹಾಕಿ ನೋಡುವಷ್ಟರಲ್ಲಿ 45 ದಾಟಿರುತ್ತದೆ. ಅಲ್ಲಿನವರು ಈ ಕೆಲಸವನ್ನು ನಸುಕಿನಲ್ಲಿ, ರಾತ್ರಿಯಿಡೀ ನಿಂತ ಕಾರಿನಲ್ಲಿ ಮಾಡಬೇಕು. ಇಲ್ಲವೇ ಚಳಿಗಾಲಕ್ಕೆ ಇಟ್ಟುಕೊಳ್ಳಬೇಕು.

ತುಂಬಿದ ಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಿಗೆ ಬನ್ನಿ. ದ್ರವ ಎಲ್ಲ ಕಾಲುವೆಗಳಿಗೂ ಹೋಗಲಿ. ಆಮೇಲೆ ಉಷ್ಣತೆ ಏರುವುದನ್ನು ಕಾದು ಪ್ಲಗ್ ಬಿಚ್ಚಿ. ಕೆಲವು ಹೋಂಡಾ ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ನೋಡುವ ಪದ್ಧತಿಯಿದೆ. ನಿಮ್ಮ ಕೈಪಿಡಿಯ ಕ್ರಮವೇ ಅಂತಿಮ.

ಮಟ್ಟ ತಪ್ಪಿದರೆ ಆಗುವುದೇನು? ಕಡಿಮೆಯಾದರೆ ಪಂಪು ದ್ರವದ ಜೊತೆ ಗಾಳಿಯನ್ನೂ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಗಾಲಿಗಳು ದ್ರವವನ್ನು ಕಡೆದು ನೊರೆ ಮಾಡುತ್ತವೆ. ಎರಡರಲ್ಲೂ ದ್ರವಕ್ಕೆ ಗಾಳಿ ಸೇರುತ್ತದೆ. ಗಾಳಿ ಒತ್ತಿದರೆ ಕುಗ್ಗುವಂಥದ್ದು, ಆದ್ದರಿಂದ ಕ್ಲಚ್ ಮೇಲೆ ಬೀಳಬೇಕಾದ ಒತ್ತಡ ಬೀಳುವುದಿಲ್ಲ. ಪ್ಲೇಟು ಜಾರುತ್ತದೆ, ಸುಡುತ್ತದೆ. ಸ್ವಲ್ಪ ಹೆಚ್ಚೇ ಇರಲಿ ಎಂಬ ನಮ್ಮ ಉದಾರ ಬುದ್ಧಿ ಇಲ್ಲಿ ನಡೆಯದು.

ಹಳೆಯ ಕಾರಿನ ಭಯ

‘ಲಕ್ಷ ಕಿಲೋಮೀಟರ್ ಮುಟ್ಟದೇ ಬಿಟ್ಟ ಆಯಿಲ್ ಬದಲಾಯಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ’ ಎಂಬ ಮಾತಿನ ಹಿಂದೆ ಸ್ವಲ್ಪ ಹುರುಳಿದೆ. ಜನ ಸಾಮಾನ್ಯವಾಗಿ ದ್ರವದ ಬಗ್ಗೆ ಯೋಚಿಸುವುದು ಗೇರ್ ಜಾರತೊಡಗಿದ ಮೇಲೆ. ಆ ಹೊತ್ತಿಗೆ ಪ್ಲೇಟು ಸವೆದುಹೋಗಿರುತ್ತದೆ. ಹೊಸ ದ್ರವ ಅದನ್ನು ಮರಳಿ ತರಲಾರದು. ಮುಂದೆ ಗೇರ್‌ಬಾಕ್ಸ್ ಪೂರ್ತಿ ಕೆಟ್ಟಾಗ ದೂರು ದ್ರವದ ಮೇಲೆ ಬೀಳುತ್ತದೆ. ಹೆಚ್ಚು ಒತ್ತಡದ ಫ್ಲಶ್ ಯಂತ್ರ ತಳದ ಕೊಳೆಯನ್ನು ಎಬ್ಬಿಸಿ ವಾಲ್ವ್‌ಗಳಿಗೆ ಸೇರಿಸುವ ಸಾಧ್ಯತೆಯೂ ಇದೆ. ಗೇರ್ ನಯವಾಗಿ ಬೀಳುತ್ತಿರುವ ಹಳೆಯ ಕಾರಿನಲ್ಲಿ ಕಂತು ಕಂತಾಗಿ ಬದಲಾಯಿಸುವುದು ಸೌಮ್ಯವಾದ ದಾರಿ. ಈಗಾಗಲೇ ಜಾರುತ್ತಿರುವ ಕಾರಿಗೆ ಬೇಕಾದದ್ದು ಪರಿಣತರ ತಪಾಸಣೆ.

ಇಳಿಸಿದ ಹಳೆಯ ದ್ರವದ ಹೊಣೆಯೂ ನಮ್ಮದೇ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಮೋರಿಗೆ ಸುರಿದರೆ ಸೇರುವುದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಧೂಳು ಏಳದಿರಲಿ ಎಂದು ಅಂಗಳಕ್ಕೆ ಚೆಲ್ಲಿದರೆ ಕೊಳವೆಬಾವಿಯ ನೀರಿಗೇ ಕುತ್ತು. ಹೊಸ ದ್ರವದ ಖಾಲಿ ಡಬ್ಬಿಗಳಲ್ಲೇ ತುಂಬಿ, ಬಳಸಿದ ಎಣ್ಣೆಯನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ.

ಯಾರು ಮಾಡಬೇಕು, ಯಾರು ಬೇಡ

ವಾರಂಟಿ ಮುಗಿದ, ಟಾರ್ಕ್ ಕನ್ವರ್ಟರ್ ಇರುವ, ಸರಿಯಾಗಿ ಓಡುತ್ತಿರುವ ಕಾರು, ಸಮತಟ್ಟಾದ ತೆರೆದ ಜಾಗ, ಗೇರ್‌ಬಾಕ್ಸ್ ಉಷ್ಣತೆ ಓದುವ ಸ್ಕ್ಯಾನರ್, ನಾಲ್ಕು ಸ್ಟ್ಯಾಂಡ್, ಜೊತೆಗೊಬ್ಬರು. ಇಷ್ಟೂ ಇದ್ದರೆ ಧೈರ್ಯವಾಗಿ ಮಾಡಿ. ಒಂದು ಇಲ್ಲದಿದ್ದರೂ ಗ್ಯಾರೇಜಿಗೆ ಹೋಗಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಅಲ್ಲಿಗೆ ಹೋದಾಗಲೂ ಈ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಯಾವ ಮಾನದಂಡದ ದ್ರವ, ಎಷ್ಟು ಲೀಟರ್ ಇಳಿಯಿತು, ಎಷ್ಟು ಡಿಗ್ರಿಯಲ್ಲಿ ಮಟ್ಟ ನೋಡಿದಿರಿ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಇಲ್ಲದ ಕಡೆ ಕಾರು ಬಿಡಬೇಡಿ.

ಕಾರು ಕಂಪನಿಗಳಿಂದಲೂ ನಾವು ಒಂದು ಉತ್ತರ ಪಡೆಯಬೇಕು. ‘ಜೀವನಪರ್ಯಂತ’ ಎನ್ನುವಾಗ ಯಾರ ಜೀವನ, ಎಷ್ಟು ಕಿಲೋಮೀಟರ್ ಎಂಬುದನ್ನು ಅವರು ಕೈಪಿಡಿಯಲ್ಲಿ ಅಂಕಿಯಲ್ಲಿ ಬರೆಯಲಿ. ನಮ್ಮ ಬಿಸಿಲು, ನಮ್ಮ ಸಂಚಾರ, ನಮ್ಮ ಘಟ್ಟಗಳಿಗೆ ಹೊಂದುವ ಅಂಕಿ ಅದಾಗಿರಲಿ. ಸಾಲ ಮಾಡಿ ಕಾರು ಕೊಂಡು ಹತ್ತು ಹದಿನೈದು ವರ್ಷ ಬಳಸುವ ಕುಟುಂಬಕ್ಕೆ ಕೆಲವು ಸಾವಿರದ ದ್ರವವನ್ನು ಯಾವಾಗ ಬದಲಾಯಿಸಬೇಕೆಂದು ತಿಳಿಯುವ ಹಕ್ಕಿದೆ. ಆ ಅಂಕಿ ಬರುವವರೆಗೆ, ಮುಂದಿನ ಸರ್ವಿಸ್‌ನಲ್ಲಿ ಕಾರು ಬಿಡುವಾಗ ಗೇರ್‌ಬಾಕ್ಸ್ ದ್ರವದ ಬಗ್ಗೆ ನೀವೇ ಕೇಳಿ, ಬದಲಾಯಿಸಿದ ದಿನವನ್ನೂ ಕಿಲೋಮೀಟರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ.